ಶನಿಯಾರನ ಹೂದಾನಿ

ಬೇಸನ್ ಉಂಡೆ ತಿಂದು ಜಿಡ್ಡಾದ ಕೈಯನ್ನು ನಾನು ಪುಷ್ಪರಚನೆಯಲ್ಲಿ ತೊಳೆದುಕೊಂಡೆ. ತೊಳೆದುಕೊಳ್ಳುವಾಗ ಅದು ಪುಷ್ಪರಚನೆ ಎಂದು ಗೊತ್ತಿರಲಿಲ್ಲ. ನನ್ನ ಪರವಾಗಿ ಹೇಳಬಹುದಾದದ್ದು ಇದೊಂದೇ ಮಾತು.

೧೯೭೯ರ ದೀಪಾವಳಿ. ಹೊನ್ನಾವರದಲ್ಲಿ ನಾನು ಕಾರಕೂನನಾಗಿದ್ದ ಇಲಾಖೆಗೆ ಆ ವರ್ಷ ಧಾರವಾಡದ ಕಡೆಯಿಂದ ಹೊಸ ಸಾಹೇಬರು ಬಂದಿದ್ದರು. ಇಲಾಖೆಯ ಹೆಸರು ಹೇಳುವುದಿಲ್ಲ, ಅದು ಇನ್ನೂ ನನಗೆ ಸಂಬಳ ಕೊಡುತ್ತಿದೆ. ಹಬ್ಬಕ್ಕೆಂದು ಸಾಹೇಬರು ಸಿಬ್ಬಂದಿಯನ್ನೆಲ್ಲ ಮನೆಗೆ ಫರಾಳದ ತಿಂಡಿಗೆ ಕರೆದರು. ಕುರ್ಚಿಗಳ ನಡುವೆ ಒಂದು ಗಿಡ್ಡ ಮೇಜು. ಅದರ ಮೇಲೆ ಅಗಲವಾದ ತಾಮ್ರದ ಬೋಗುಣಿಯಲ್ಲಿ ನೀರು, ನೀರಿನಲ್ಲಿ ಎರಡು ಬಿಳಿ ದಾಸವಾಳ, ಒಂದು ಎಲೆ. ದೊಡ್ಡವರ ಮನೆಯಲ್ಲಿ ಕೈ ತೊಳೆಯುವ ನೀರಿಗೆ ಹೂ ಹಾಕುತ್ತಾರೆಂದು ಎಲ್ಲೋ ಓದಿದ್ದೆ. ಓದಿದವನೆಂದು ತೋರಿಸಿಕೊಳ್ಳುವ ಚಟ ಬೇರೆ. ಎಲ್ಲರಿಗಿಂತ ಮೊದಲು ಎದ್ದು ಎರಡೂ ಕೈ ಅದ್ದಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದೆ.

"ಅಯ್ಯ! ಅದು ಕೈ ತೊಳಕೊಳ್ಳೋ ನೀರಲ್ರೀ!" ಎಂದರು ಸಾಹೇಬರ ಹೆಂಡತಿ ವನಮಾಲಾಬಾಯಿ. "ಪುಷ್ಪರಚನಾ ಅದ. ಮೂರು ತಾಸು ಕುಂತು ಮಾಡೇನಿ."

"ಬಹಳ ಚೆನ್ನಾಗಿದೆ ಬಾಯಿಯವರೇ," ಎಂದೆ ನಾನು. ಗಾಬರಿಯಲ್ಲಿ ಮುಂದಿನದೂ ಬಂದುಬಿಟ್ಟಿತು: "ನೀರೂ ತಂಪಾಗಿದೆ."

ದಾಸವಾಳದ ಎಸಳಿಗೆ ಕಡಲೆಹಿಟ್ಟಿನ ಪುಡಿ ಅಂಟಿಕೊಂಡಿತ್ತು. ಹೆಡ್ ಕ್ಲಾರ್ಕ್ ಕೆಮ್ಮಿದಂತೆ ಮಾಡಿ ನಕ್ಕರು. ನನ್ನ ಒದ್ದೆ ಕೈ ಗಾಳಿಯಲ್ಲಿ ನಿಂತಿತ್ತು. ಆಗ ಚಹದ ತಟ್ಟೆ ಹಿಡಿದು ನಿಂತಿದ್ದ, ಗುಡ್ಡದ ಮೇಲಿನ ಇಲಾಖೆಯ ಅತಿಥಿ ಬಂಗಲೆಯ ಕಾವಲುಗಾರ ಶನಿಯಾರ ಹತ್ತಿರ ಬಂದು, ಹೆಗಲ ಮೇಲಿನ ಟವೆಲನ್ನು ನನ್ನ ಕೈಗೆ ಹಾಕಿ, ಮತ್ತೆ ಹೋಗಿ ತನ್ನ ಜಾಗದಲ್ಲಿ ನಿಂತ. ಅವನ ಮುಖದಲ್ಲಿ ನಗು ಇರಲಿಲ್ಲ. ಕನಿಕರವೂ ಇರಲಿಲ್ಲ. ಇಂದಿಗೆ ಹತ್ತು ವರ್ಷ ಅವನ ಜೊತೆ ಕಳೆದ ಮೇಲೂ ಅವನ ಮುಖ ಓದಲು ನನಗೆ ಬಂದಿಲ್ಲ. ಬರೆದರೆ ಏನಾದರೂ ತಿಳಿದೀತೋ ಎಂದು ಈ ಬರವಣಿಗೆ.

ಶನಿವಾರ ಹುಟ್ಟಿದ್ದರಿಂದ ಅವನು ಶನಿಯಾರ. ಊರು ಕಾಸರಕೋಡ. ಹದಿನಾಲ್ಕಕ್ಕೆ ಮಚವೆ ಹತ್ತಿದವನು. ಹೆಂಚು, ಅಕ್ಕಿ, ತೆಂಗಿನಕಾಯಿ ಹೇರಿಕೊಂಡು ಹಾಯಿ ಬಿಚ್ಚಿ ಹೋಗುತ್ತಿದ್ದ ಆ ಸರಕಿನ ಹಡಗುಗಳಲ್ಲಿ ಕಲ್ಲಿಕೋಟೆಯಿಂದ ಮುಂಬಯಿಯವರೆಗೆ ತಿರುಗಿದವನು. ೧೯೭೧ರಲ್ಲಿ ಹಗ್ಗ ಹರಿದು ಹಾಯಿಯ ಮರ ಬಲಗಾಲಿನ ಮೇಲೆ ಬಿತ್ತು. ಕಾಲು ಕೂಡಿತು, ಆದರೆ ಸ್ವಲ್ಪ ಓರೆಯಾಗಿ. ಲಾರಿಗಳು ಬಂದು ಮಚವೆಗಳೂ ಒಂದೊಂದಾಗಿ ದಂಡೆಗೆ ಬಿದ್ದವು. ಕುಂಟುವವನನ್ನು ಮೀನಿನ ದೋಣಿಗೂ ಯಾರೂ ಕರೆಯಲಿಲ್ಲ. ನಮ್ಮ ಇಲಾಖೆಯ ಬಂಗಲೆಗೆ ನೀರು ಹೊರಲು ಒಬ್ಬ ಬೇಕಾಗಿತ್ತು. ಬಂದವನು ಉಳಿದ.

ಉಳಿದ ಎನ್ನುವುದು ನನ್ನ ಮಾತು, ಕಾಗದದ ಮಾತು ಬೇರೆ. ಕಾಗದದಲ್ಲಿ ಅವನು ಎಂಬತ್ತೊಂಬತ್ತು ದಿನ ಇರುತ್ತಿದ್ದ. ತೊಂಬತ್ತನೆಯ ದಿನ ಅವನಿಗೆ ಬಿಡುಗಡೆ, ತೊಂಬತ್ತೊಂದಕ್ಕೆ ಹೊಸ ನೇಮಕ. ದಿನಗೂಲಿಯವನು ಮೂರು ತಿಂಗಳು ಪೂರ್ತಿ ದುಡಿದರೆ ಹಕ್ಕು ಕೇಳಿಯಾನು ಎಂಬ ಭಯಕ್ಕೆ ಸರಕಾರ ಕಂಡುಕೊಂಡ ಉಪಾಯ ಇದು. ಆ ತೊಂಬತ್ತನೆಯ ದಿನವೂ ಅವನು ಬರುತ್ತಿದ್ದ, ಗುಡಿಸುತ್ತಿದ್ದ, ನೀರು ತುಂಬುತ್ತಿದ್ದ. ಅಧಿಕೃತವಾಗಿ ಇಲ್ಲದ ಮನುಷ್ಯನ ಕೈಯಲ್ಲಿ ಚಹ ತರಿಸಲು ನನಗೆ ಸಂಕೋಚವಾಗುತ್ತಿತ್ತು. ತರಿಸುತ್ತಿದ್ದೆ, ಆ ಮಾತು ಬೇರೆ. ಹೀಗೆ ಎಂಟು ವರ್ಷ. ರಿಜಿಸ್ಟರಿನಲ್ಲಿ ಅವನನ್ನು ಮೂರು ತಿಂಗಳಿಗೊಮ್ಮೆ ಕೊಂದು ಮಾರನೆಯ ದಿನ ಬದುಕಿಸುತ್ತಿದ್ದ ಕೈ ನನ್ನದೇ.

ಆ ವರ್ಷ ಒಂದು ಸುತ್ತೋಲೆ ಬಂದಿತ್ತು. ಹಳೆಯ ದಿನಗೂಲಿಗಳಲ್ಲಿ ಯೋಗ್ಯರಾದವರನ್ನು ಕಾಯಂ ಮಾಡಬಹುದು. ವಯಸ್ಸು ನಲವತ್ತು ದಾಟಿರಬಾರದು, ಸ್ಥಳೀಯ ಸಾಹೇಬರ ಶಿಫಾರಸು ಬೇಕು, ಕೊನೆಗೆ ಕಾರವಾರದ ದೊಡ್ಡ ಸಾಹೇಬರ ಸಹಿ. ಶನಿಯಾರನಿಗೆ ಬರುವ ಏಪ್ರಿಲ್‌ಗೆ ನಲವತ್ತು ತುಂಬುತ್ತಿತ್ತು. ಈ ಸಲ ತಪ್ಪಿದರೆ ಸಾಯುವವರೆಗೂ ಎಂಬತ್ತೊಂಬತ್ತು ದಿನವೇ ಗತಿ. ಅದೂ ಯಾರಾದರೂ ಸಾಹೇಬರಿಗೆ ಬೇಸರ ಬರುವವರೆಗೆ ಮಾತ್ರ.

ಬೋಗುಣಿಯ ಪ್ರಕರಣವಾಗಿ ವಾರ ಕಳೆದ ಮೇಲೆ ವನಮಾಲಾಬಾಯಿ ನಮ್ಮಿಬ್ಬರನ್ನೂ ಕರೆಸಿದರು. ಅವರು ಧಾರವಾಡದಲ್ಲಿ ಆರು ತಿಂಗಳು ಜಪಾನಿ ಪದ್ಧತಿಯ ಹೂಜೋಡಣೆ ಕಲಿತಿದ್ದರು. ಹೊನ್ನಾವರದಲ್ಲಿ ಅದನ್ನು ನೋಡುವವರೇ ಇಲ್ಲ. ನೋಡಿದವನು ಕೈ ತೊಳೆದ.

"ಬಂಗಲೇದಾಗ ದಿನಾ ಒಂದು ರಚನಾ ಇರಬೇಕು. ಶನಿಯಾರ ಕಲೀಲಿ. ಕಲಿತರ ಸಾಹೇಬರ ಕಡಿಂದ ಶಿಫಾರಸಿನಾಗ ಬರಸ್ತೀನಿ. ಕಾರಕೂನರ, ನೀವೂ ಕಲೀಬೇಕು."

"ನಾನ್ಯಾಕೆ ಬಾಯಿಯವರೇ?"

"ನನ್ನ ನೋಟ್‌ಬುಕ್ ಇಂಗ್ಲೀಷಿನಾಗ ಅದ. ಅವಗ ಓದಿ ಹೇಳ್ಲಿಕ್ಕೆ ಯಾರಾರ ಬೇಕಲ್ಲ. ಮತ್ತ ನಿಮಗೂ ಹೂವು ಯಾವುದು, ಕೈ ತೊಳಿಯೂದು ಯಾವುದು ಅಂತ ತಿಳಿದಂಗ ಆತು."

ಮಂಗಳವಾರ, ಶುಕ್ರವಾರ ಸಂಜೆ ಐದೂವರೆಗೆ ಬಂಗಲೆಯ ಜಗಲಿಯಲ್ಲಿ ಪಾಠ. ಕೆಳಗೆ ಶರಾವತಿ ಸಮುದ್ರ ಸೇರುವ ಅಳಿವೆ, ದೋಣಿಗಳು. ಮೇಲೆ ಚಾಪೆಯ ಮೇಲೆ ಕತ್ತರಿ ಹಿಡಿದು ಕೂತ ಇಬ್ಬರು ಗಂಡಸರು. ಮೊದಲ ದಿನದ ಪಾಠ: ಮೂರೇ ಮೂರು ಕಡ್ಡಿ. ಎತ್ತರದ್ದು ಆಕಾಶ, ನಡುವಿನದು ಮನುಷ್ಯ, ಗಿಡ್ಡದ್ದು ಭೂಮಿ. ನಾನು ನೋಟ್‌ಬುಕ್ ನೋಡಿ ಗಂಭೀರವಾಗಿ ಓದಿ ಹೇಳಿದೆ. ಶನಿಯಾರ ಕೇಳಿದ: "ಸಮುದ್ರ ಇಲ್ವಾ?"

ನೋಟ್‌ಬುಕ್ಕಿನಲ್ಲಿ ಸಮುದ್ರ ಇರಲಿಲ್ಲ. ವನಮಾಲಾಬಾಯಿ, "ನೀರು ಹಾಕ್ತೀವಲ್ಲ, ಅದೇ ಅಂತ ತಿಳಕೊ," ಎಂದರು. ಅವನಿಗೆ ಒಪ್ಪಿಗೆಯಾಯಿತು.

ನನ್ನ ಮೊದಲ ರಚನೆಯನ್ನು ಬಾಯಿಯವರು ಎರಡು ಸುತ್ತು ಸುತ್ತಿ ನೋಡಿ, ಬಸ್ಸು ತಪ್ಪಿಸಿಕೊಂಡವರು ನಿಂತ ಹಾಗಿದೆ ಎಂದರು. ಆಕಾಶ ವಾಲಿ ಭೂಮಿಯ ಮೇಲೆ ಬಿದ್ದಿತ್ತು, ಮನುಷ್ಯ ನೀರಿನಲ್ಲಿ ಮುಳುಗಿದ್ದ. ಶನಿಯಾರನದು ಬೀಳಲಿಲ್ಲ. ಬೀಳುವ ಹಾಗೆಯೇ ಇರಲಿಲ್ಲ. ಹದಿನೆಂಟು ಗೊಂಡೆ ಹೂಗಳನ್ನು ಒಟ್ಟು ಮಾಡಿ, ಬಲೆ ಹೆಣೆಯುವ ದಾರದಿಂದ ಹಡಗಿನವರ ಗಂಟು ಹಾಕಿ, ಚೊಂಬಿನಲ್ಲಿ ನಿಲ್ಲಿಸಿದ್ದ. ತಲೆಕೆಳಗು ಮಾಡಿದರೂ ಒಂದು ಎಸಳು ಅಲುಗಲಿಲ್ಲ. ಅವನು ಮಾಡಿಯೂ ತೋರಿಸಿದ.

"ಇದು ಕಟ್ಟಿಗಿ ಹೊರಿ ಆತಲ್ಲೋ," ಎಂದರು ಬಾಯಿಯವರು. "ನಡುವ ಜಾಗಾ ಬಿಡಬೇಕು. ಖಾಲಿ ಜಾಗಾನ ಇದರೊಳಗಿನ ಚೆಲುವಿಕಿ."

"ಖಾಲಿ ಬಿಟ್ರೆ ಬಂದವ್ರು ಹೂ ಸಾಕಾಗ್ಲಿಲ್ಲ ಅಂತ ತಿಳ್ಕಂಬುದಿಲ್ವಾ ಅಮ್ಮಾ?"

ಈ ಖಾಲಿ ಜಾಗ ಅವನನ್ನು ಮೂರು ವಾರ ಕಾಡಿತು. ನಮ್ಮ ಕಡೆ ಹೂವೆಂದರೆ ಒತ್ತೊತ್ತಾಗಿ ಕಟ್ಟುವುದು. ಮಾಲೆಯಲ್ಲಿ ದಾರ ಕಂಡರೆ ಕಟ್ಟಿದವಳಿಗೆ ಅವಮಾನ. ಒಮ್ಮೆ ನಾನು ಇಲಾಖೆಯ ಕೆಲಸಕ್ಕೆ ಭಟ್ಕಳಕ್ಕೆ ಹೋದಾಗ, ಅಲ್ಲಿಯ ಮಲ್ಲಿಗೆಯನ್ನು ಹೂದಾನಿಗೆ ಇಡೋಣವೆಂದು ಪೇಟೆಯಲ್ಲಿ ದಂಟಿರುವ ಮಲ್ಲಿಗೆ ಕೇಳಿದೆ. ಬಾಳೆನಾರು ಹಿಡಿದು ಕೂತಿದ್ದ ಹೂವಿನವಳು ತಲೆ ಎತ್ತದೆಯೇ, "ದಂಟಿರೂ ಮಲ್ಲಿಗೆ ಬೇಕಾ? ಗಿಡನೇ ಕಿತ್ಕಂಡು ಹೋಗಿ, ಬುಡದಲ್ಲಿ ಮಣ್ಣೂ ಬರ್ತದೆ," ಎಂದಳು.

ಶನಿಯಾರನ ಮನೆಯಲ್ಲೂ ಇದೇ ಕಥೆ. ಅವನ ಹೆಂಡತಿ ದುರ್ಗಿ ಒಣಮೀನು ಮಾರುವವಳು, ಬಾಯಿ ಜೋರು. ಅವನು ಬೆಳಿಗ್ಗೆ ಅಂಗಳದ ದಾಸವಾಳ ಕೊಯ್ಯುವಾಗ ಅಡ್ಡ ನಿಂತಳಂತೆ.

"ದೇವ್ರಿಗಾ?"

"ಅಲ್ಲ."

"ನಂಗೆ ಮುಡಿಯುಕಂತೂ ಅಲ್ಲ, ಗೊತ್ತದೆ. ಮತ್ತೆ ಎಂತಕ್ಕೆ?"

"ಮೇಜಿಗೆ."

"ಮೇಜಿಗೆ ಎಂತ, ತಲೆ ಅದ್ಯಾ?"

ಇದನ್ನು ಶನಿಯಾರನೇ ನನಗೆ ಹೇಳಿದ. ನಾನು ನಕ್ಕೆ, ಅವನು ನಗಲಿಲ್ಲ. "ಅದು ಕೇಳೂದು ಸಮ ಅಲ್ದಾ ಕಾರಕೂನ್ರೆ? ದೇವ್ರಿಗೆ ಇಡ್ತ್ರು, ಹೆಂಗ್ಸ್ರು ಮುಡಿತ್ರು, ಹೆಣಕ್ಕೆ ಹಾಕ್ತ್ರು. ಸುಮ್ನೆ ನೋಡುಕೆ ಅಂತ ಯಾರು ಇಡ್ತ್ರು?" ನನ್ನ ಮನೆಯವಳ ಮಾತು ಇನ್ನೂ ಹರಿತವಾಗಿತ್ತು. "ದೇವ್ರಿಗೆ ಎರಡು ಹೂ ಕೊಯ್ದು ಕೊಡಿ ಹೇಳಿರೆ ಬೆನ್ನು ಬಗ್ತಿಲ್ಲೆ. ಸರ್ಕಾರಿ ಮೇಜಿಗೆ ಆದ್ರೆ ಬಗ್ತು!"

ಡಿಸೆಂಬರಿನ ಒಂದು ಶುಕ್ರವಾರ ಶನಿಯಾರ ಪಾಠಕ್ಕೆ ಮೊದಲೇ ಬಂದು ಕೂತಿದ್ದ. ಮುಂದೆ ಮಣ್ಣಿನ ಕುಡಿಕೆ, ಅದರಲ್ಲಿ ಗಾಳಿಗೆ ಬಾಗಿದ ಒಂದು ಒಣ ಟೊಂಗೆ, ಬುಡದಲ್ಲಿ ಒಂದೇ ಒಂದು ಬಂಗುಡೆ ಬಳ್ಳಿಯ ಹೂ, ಸಮುದ್ರದಂಡೆಯ ಮರಳಿನಲ್ಲಿ ಹಬ್ಬುತ್ತದಲ್ಲ, ಆ ನೇರಳೆ ಹೂ. ಟೊಂಗೆ ಅಲುಗದ ಹಾಗೆ ಕುಡಿಕೆಯ ಒಳಗೆ ಬಲೆಯ ಸೀಸದ ಗುಂಡುಗಳನ್ನು ಒತ್ತಿದ್ದ. ನಡುವೆ ಎಲ್ಲ ಖಾಲಿ. ಆ ಖಾಲಿಯ ಆಚೆಗೆ ಅಳಿವೆ ಕಾಣುತ್ತಿತ್ತು. ವನಮಾಲಾಬಾಯಿ ಬಂದವರು ಕುಡಿಕೆಯ ಮುಂದೆ ಮಂಡಿಯೂರಿ ಕೂತರು.

"ಹ್ಯಾಂಗ ತಿಳೀತು?" ಎಂದು ಕೇಳಿದರು.

"ಬಲೆ ಹೆಣೀತಾ ಕೂತಿದ್ದೆ ಅಮ್ಮಾ. ಬಲೆಯಲ್ಲಿ ನೂಲು ಕಮ್ಮಿ, ಕಣ್ಣೇ ಹೆಚ್ಚು. ಆದ್ರೂ ಬಲೆ ಅಂತ್ರು, ಕಣ್ಣು ಅಂಬುದಿಲ್ಲ."

ಅಂದಿನಿಂದ ಬಾಯಿಯವರು ನನಗೆ ಕಲಿಸುವುದನ್ನು ಬಿಟ್ಟರು. ನಾನು ಕತ್ತರಿ ಎತ್ತಿ ಕೊಡುವ ಕೆಲಸಕ್ಕೆ ಇಳಿದೆ. ಆ ಕೆಲಸದಲ್ಲಿ ನಾನು ಬೇಗ ಪಳಗಿದೆ.

ಇನ್ನು ನನ್ನ ಇನ್ನೊಂದು ಸಾಹಸವನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮಂಕಿಯಲ್ಲಿ ಕಮಲಾಕರರಾಯರು ಎಂಬ ದೊಡ್ಡ ತೆಂಗಿನ ತೋಟದವರಿದ್ದರು. ಅವರ ತೋಟದ ಪಕ್ಕದಲ್ಲಿ ಸಮುದ್ರದಂಡೆಗೆ ಹೋಗುವ ಹಳೆಯ ಕಾಲುದಾರಿ. ಮೀನುಗಾರರ ಕೇರಿಯ ಹೆಂಗಸರು ಬುಟ್ಟಿ ಹೊತ್ತು ಬರುವ ದಾರಿ ಅದೇ. ಆ ವರ್ಷದ ಮಳೆಗಾಲ ಮುಗಿಯುವಾಗ ನೋಡಿದರೆ ತೋಟದ ಬೇಲಿ ದಾರಿಯ ಆಚೆಗಿತ್ತು. ಹೆಂಗಸರು ಒಂದು ಮೈಲಿ ಸುತ್ತು ಹಾಕಬೇಕಾಯಿತು. ಅರ್ಜಿ ಬಂತು. ಸ್ಥಳ ನೋಡಿ ವರದಿ ಕೊಡಲು ಸಾಹೇಬರು ನನ್ನನ್ನು ಕಳಿಸಿದರು. ಅದು ಅಕ್ಟೋಬರಿನ ಸುಡುಬಿಸಿಲು. ರಾಯರು ಜಗಲಿಯಲ್ಲಿ ಕೂರಿಸಿ ಎಳನೀರು ಕೊಟ್ಟರು, ಊಟ ಹಾಕಿಸಿದರು, ಊಟವಾದ ಮೇಲೆ ದಿಂಬು ಕೊಟ್ಟರು. ಎದ್ದವನು ಅಲ್ಲಿಯೇ ಕೂತು ಬರೆದೆ: "ಹಳೆಯ ದಾರಿ ಎಂಬುದು ಸ್ಥಳದಲ್ಲಿ ಕಂಡುಬರಲಿಲ್ಲ." ಜಗಲಿಯಿಂದ ಕಂಡುಬರಲಿಲ್ಲ ಎಂಬುದು ನಿಜವೇ. ಸಾಹೇಬರು ನನ್ನ ವರದಿಯ ಮೇಲೆ ಸಹಿ ಹಾಕಿ ಅರ್ಜಿ ವಜಾ ಮಾಡಿದರು. ಕೇರಿಯವರು ಬಿಡದೆ ಕಾರವಾರಕ್ಕೆ ಬರೆದರು.

ಹೀಗಾಗಿ ೧೯೮೦ರ ಫೆಬ್ರವರಿಯಲ್ಲಿ ಕಾರವಾರದ ದೊಡ್ಡ ಸಾಹೇಬರು ಬರುವುದು ನಿಶ್ಚಯವಾಯಿತು. ಮಧ್ಯಾಹ್ನ ಮೂರಕ್ಕೆ ಬಂಗಲೆಯ ಹಾಲಿನಲ್ಲಿ ಮಂಕಿಯ ದಾರಿಯ ವಿಚಾರಣೆ. ಅದು ಮುಗಿದ ಮೇಲೆ ಶನಿಯಾರನ ಕಾಯಂ ಫೈಲು. ದೊಡ್ಡ ಸಾಹೇಬರು ಮೈಸೂರಿನ ಕಡೆಯವರು, ಅಚ್ಚುಕಟ್ಟು ಮೆಚ್ಚುವವರು ಎಂದು ಸುದ್ದಿ. ನಮ್ಮ ಸಾಹೇಬರ ಶಿಫಾರಸು ಸಿದ್ಧವಾಗಿತ್ತು. ಅದರಲ್ಲಿ "ಪುಷ್ಪಾಲಂಕಾರದಲ್ಲಿ ವಿಶೇಷ ಪರಿಶ್ರಮ" ಎಂದು ನಾನೇ ಬರೆದಿದ್ದೆ. ವನಮಾಲಾಬಾಯಿ ತಂಗಿಯ ಮದುವೆಗೆ ಧಾರವಾಡಕ್ಕೆ ಹೊರಟವರು ಶನಿಯಾರನಿಗೆ ಹೇಳಿ ಹೋದರು: "ಎತ್ತರಾಗಿರೂದು ಇಡು. ಇಲ್ಲೇ ಬೆಳೆಯೂದ ಇರ್ಲಿ. ಬಾಳ ಹೂವು ತುಂಬಬ್ಯಾಡ."

ನಾನೂ ಹೇಳಿದೆ: "ಶನಿಯಾರಾ, ನಿನ್ನ ನೌಕರಿ ಆ ಹೂದಾನಿಯಲ್ಲಿದೆ, ನೆನಪಿರಲಿ."

"ಆತು," ಎಂದ.

ಆ ದಿನ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಫೈಲುಗಳನ್ನು ಅಪ್ಪಿಕೊಂಡು ನಾನು ಹಾಲಿಗೆ ಕಾಲಿಟ್ಟೆ. ಕಾಲಿಟ್ಟವನ ಕಾಲಿನಿಂದ ಚಪ್ಪಲಿ ತಾನಾಗಿ ಕಳಚಿಕೊಂಡಿತು.

ಮೇಜಿನ ನಡುವೆ, ದೊಡ್ಡ ಸಾಹೇಬರ ಕುರ್ಚಿಯ ನೇರ ಮುಂದೆ, ಹಿತ್ತಾಳೆಯ ಹೂದಾನಿಯಲ್ಲಿ ಒಂದು ಸಿಂಗಾರ ನಿಂತಿತ್ತು. ಆಗಷ್ಟೇ ಹಾಳೆ ಬಿಚ್ಚಿದ ಅಡಿಕೆಯ ಹೂಗೊನೆ, ಕೆನೆಯ ಬಣ್ಣ, ಮೊಳಕ್ಕಿಂತ ಎತ್ತರ, ಎಳೆಎಳೆಯಾಗಿ ಇಳಿಬಿದ್ದದ್ದು. ಬುಡದಲ್ಲಿ ಒಂದು ಕೆಂಪು ದಾಸವಾಳ. ಮತ್ತೇನೂ ಇಲ್ಲ. ಅಷ್ಟು ಚೆಂದದ ಹೂಜೋಡಣೆಯನ್ನು ನಾನು ಅದರ ಮೊದಲೂ ಆಮೇಲೂ ನೋಡಿಲ್ಲ.

ಘಟ್ಟದ ಮೇಲಿನವರಿಗೆ ಅದು ಒಂದು ಹೂ. ನಮಗೆ ಹಾಗಲ್ಲ. ಕಳಸಕ್ಕೆ ಇಡುವುದು ಸಿಂಗಾರ. ಮೈಮೇಲೆ ದೇವರು ಬಂದವನ ಕೈಗೆ ಕೊಡುವುದು ಸಿಂಗಾರ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಕಡೆ ಪ್ರಸಾದ ಕೇಳುವ ರೂಢಿ ಇದೆ. ಕಳವೋ, ಗಡಿಜಗಳವೋ, ಮದುವೆಯೋ, ತೀರ್ಮಾನವಾಗದಿದ್ದರೆ ಗುಡಿಗೆ ಹೋಗಿ ದೇವರಿಗೆ ಸಿಂಗಾರದ ಹೂ ಹಚ್ಚಿಸುತ್ತೇವೆ, ಎದುರಿಗೆ ಕೈಮುಗಿದು ಮಾತು ಹೇಳುತ್ತೇವೆ, ಕಾಯುತ್ತೇವೆ. ಹೂ ದೇವರ ಬಲಕ್ಕೆ ಬಿದ್ದರೆ ಹೌದು. ಎಡಕ್ಕೆ ಬಿದ್ದರೆ ಇಲ್ಲ. ಅದರ ಮೇಲೆ ಕೋರ್ಟು ಇಲ್ಲ.

ಶನಿಯಾರ ಮೂಲೆಯಲ್ಲಿ ನಿಂತು ಲೋಟ ಒರೆಸುತ್ತಿದ್ದ. "ಏ ಮಾರಾಯಾ," ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಜೀಪು ನಿಂತಿತು.

ದೊಡ್ಡ ಸಾಹೇಬರು ಒಳಗೆ ಬಂದು ಹೂದಾನಿ ನೋಡಿ, "ವಾಹ್, ಚೆನ್ನಾಗಿದೆ," ಎಂದು ಅದರ ಹಿಂದೆ ಕೂತರು. ಈಗ ಬಾಗಿಲಿನಿಂದ ಬರುವವರಿಗೆ ಮೊದಲು ಸಿಂಗಾರ, ಅದರ ಎಳೆಗಳ ನಡುವೆ ಸಾಹೇಬರ ಕನ್ನಡಕ ಕಾಣುತ್ತಿತ್ತು. ಗರ್ಭಗುಡಿಯಲ್ಲೂ ಇದಕ್ಕಿಂತ ಹೆಚ್ಚೇನು ಕಾಣುತ್ತದೆ?

ಕಮಲಾಕರರಾಯರು ಬಂದರು. ಹೊಸ್ತಿಲಲ್ಲಿ ಜೋಡು ಬಿಟ್ಟರು, ಶಲ್ಯ ಸೊಂಟಕ್ಕೆ ಇಳಿಸಿದರು, ಕೈ ಮುಗಿದು ನಿಂತರು. ಅವರ ಸಾಕ್ಷಿ, ತೋಟ ನೋಡಿಕೊಳ್ಳುವ ಲಿಂಗಪ್ಪ, ಹಣೆಯನ್ನು ನೆಲಕ್ಕೆ ಮುಟ್ಟಿಸಿಯೇ ಎದ್ದ. ಮಂಕಿಯ ಕೇರಿಯ ನಾಲ್ಕು ಹೆಂಗಸರು ಗೋಡೆಗೆ ಒತ್ತಿ ಕೈ ಜೋಡಿಸಿ ನಿಂತರು. ದೊಡ್ಡ ಸಾಹೇಬರಿಗೆ ಬಹಳ ಸಂತೋಷವಾಯಿತು. "ಈ ತಾಲೂಕಿನ ಜನ ಎಷ್ಟು ವಿನಯವಂತರು!" ಎಂದು ನಮ್ಮ ಸಾಹೇಬರ ಕಡೆ ನೋಡಿದರು. ಧಾರವಾಡದ ನಮ್ಮ ಸಾಹೇಬರೂ ಹೆಮ್ಮೆಯಿಂದ ತಲೆ ಆಡಿಸಿದರು.

ಮೊದಲು ಲಿಂಗಪ್ಪ. ಅವನಿಗೆ ವಾರದಿಂದ ಪಾಠ ಹೇಳಿಕೊಟ್ಟಿದ್ದರು.

"ಅಲ್ಲಿ ದಾರಿ ಇತ್ತೋ ಇಲ್ಲವೋ?"

"ದಾರಿ... ದಾರಿ ಅಂತ ಎಂತದೂ ಇರ್ಲಿಲ್ಲ ಸ್ವಾ—"

ಸಿಂಗಾರದಿಂದ ಒಂದು ಹೂಕಾಳು ಕಳಚಿ ಮೇಜಿನ ಮೇಲೆ ಬಿತ್ತು. ದೊಡ್ಡ ಸಾಹೇಬರ ಎಡಕ್ಕೆ.

ಲಿಂಗಪ್ಪ ಆ ಕಾಳನ್ನೇ ನೋಡಿದ.

"ಇರಲಿಲ್ಲ ಅಂತ ಬರಕೊಳ್ಳಲೇ?" ಎಂದರು ಸಾಹೇಬರು.

"ಬೇಡ ಸ್ವಾಮಿ! ಇತ್ತು. ನನ್ನ ಅಜ್ಜನ ಕಾಲದಿಂದ ಇತ್ತು. ನಾನೇ ಅದ್ರಲ್ಲಿ ಗಾಡಿ ಹೊಡ್ದಿದ್ದೆ."

ರಾಯರ ಸರದಿ ಬಂತು.

"ಬೇಲಿ ಸ್ವಲ್ಪ... ಸರಿದಿದೆ," ಎಂದರು.

"ತಾನಾಗಿ ಸರಿಯಿತೇ?"

"ಆಳುಗಳು ಸರಿಸಿದ್ರು."

ಎರಡು ಕಾಳು. ಎಡಕ್ಕೆ.

ರಾಯರು ಕಣ್ಣು ಮುಚ್ಚಿದರು. "ನಾನು ಹೇಳಿ ಸರಿಸಿದ್ರು."

ಆಮೇಲೆ ನನ್ನ ಹೆಸರು ಕೂಗಿದರು. ನಾನು ಪದವೀಧರ. ಹಿಂದಿನ ವರ್ಷವೇ ಕುಮಟೆಯ ವಾಚನಾಲಯದಲ್ಲಿ ಮೂಢನಂಬಿಕೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಸಿಂಗಾರದ ಹೂ ಅರಳಿದ ಮೇಲೆ ದಿನವಿಡೀ ಉದುರುತ್ತದೆ ಎಂದು ಸಂತೆಗುಳಿಯಲ್ಲಿ ಅಡಿಕೆಮರಗಳ ಅಡಿಯಲ್ಲೇ ಬೆಳೆದ ನನಗೆ ಗೊತ್ತು. ದೊಡ್ಡ ಸಾಹೇಬರ ಬಲಗಡೆಗೆ ಸಮುದ್ರದ ಕಿಟಕಿ ಪೂರ್ತಿ ತೆರೆದಿತ್ತು. ಫೆಬ್ರವರಿಯ ಮೂರು ಗಂಟೆಗೆ ಪಡುವಣ ಗಾಳಿ ಏಳುತ್ತದೆ. ಉದುರಿದ್ದೆಲ್ಲ ಎಡಕ್ಕೇ ಬೀಳಬೇಕು. ಇಷ್ಟನ್ನೂ ಲೆಕ್ಕ ಹಾಕಿ ಧೈರ್ಯ ತಂದುಕೊಂಡು ಮುಂದೆ ನಿಂತೆ.

"ಸ್ಥಳ ನೋಡಿಯೇ ವರದಿ ಬರೆದಿರೋ?"

'ನೋಡಿ ಬರೆದೆ' ಎಂಬ ಎರಡು ಶಬ್ದ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಕಾಳು ಒಂದೂ ಬಿದ್ದಿರಲಿಲ್ಲ. ಬೀಳಬಹುದು ಎನ್ನುವಷ್ಟೇ ಸಾಕಾಯಿತು.

"ಜಗಲಿಯಿಂದ ನೋಡಿದೆ ಸರ್," ಎಂದೆ. "ಊಟ ಮಾಡಿ, ಮಲಗಿ ಎದ್ದು ನೋಡಿದೆ."

ಮೂಲೆಯಲ್ಲಿ ಶನಿಯಾರ ಇನ್ನೊಂದು ಲೋಟ ಎತ್ತಿಕೊಂಡ.

ಹದಿನೈದು ದಿನದೊಳಗೆ ಬೇಲಿ ಹಿಂದೆ ಸರಿಯಬೇಕೆಂದು ಆಜ್ಞೆಯಾಯಿತು. ನನಗೆ ಒಂದು ಮೆಮೊ ಬಂತು. ನಮ್ಮ ಸಾಹೇಬರಿಗೆ, ಕಾರಕೂನನ ನಿದ್ದೆಯ ಮೇಲೆ ಸಹಿ ಹಾಕಿದ್ದಕ್ಕೆ, ನಮ್ಮೆಲ್ಲರ ಎದುರೇ ನಾಲ್ಕು ಮಾತು ಬಿದ್ದವು. ಆ ಬಿಸಿಯಲ್ಲಿ ಕಾಯಂ ಫೈಲನ್ನು ಮೇಜಿನ ಮೇಲೆ ತರುವ ಧೈರ್ಯ ಯಾರಿಗೂ ಆಗಲಿಲ್ಲ. ಜೀಪು ಹೋಗಿ ನಾವು ಕಚೇರಿಗೆ ಮರಳಿದ ಮೇಲೆ ಯಾರೋ ನಮ್ಮ ಸಾಹೇಬರಿಗೆ ಸಿಂಗಾರದ ಅರ್ಥ ಬಿಡಿಸಿ ಹೇಳಿದರು. ಅವರು ಕೆಂಡವಾದರು.

"ವಿಚಾರಣಾದಾಗ ಮಾಟ ಮಾಡಿದಂಗ ಆತಲ್ಲ ಇದು! ಅವನ ಹೇಳಿಕೆ ಬರಕೋರಿ. ಬೇಕಂತ ಇಟ್ಟಿದ್ರ ಇವತ್ತ ಹೊರಗ ಹಾಕ್ತೀನಿ. ತಿಳೀದ ಇಟ್ಟಿದ್ರ ಫೈಲು ಮುಂದ ಹೋಗ್ಲಿ."

ಕಾಗದ ಹಿಡಿದು ಬಂಗಲೆಗೆ ಹೋದೆ. ಜಗಲಿಯಲ್ಲಿ ಮಂಕಿಯ ಆ ನಾಲ್ಕು ಹೆಂಗಸರು ಕೂತಿದ್ದರು. ಶನಿಯಾರ ಅವರಿಗೆ ನೀರು ಕೊಡುತ್ತಿದ್ದ. ಅವರಲ್ಲಿ ಹಿರಿಯಳು ಮಾಸ್ತಮ್ಮ ಎನ್ನುವವಳು, "ಬರ್ತೆ ಭಾವಾ, ತಂಗಿಗೆ ಹೇಳು, ಇನ್ನು ತವರಿಗೆ ಸುತ್ತು ಹಾಕಿ ಬರೂದು ಬೇಡ ಅಂತ," ಎನ್ನುತ್ತ ಎದ್ದಳು.

ನನ್ನ ಕಾಲು ಅಲ್ಲಿಯೇ ನಿಂತಿತು. ದುರ್ಗಿಯ ತವರು ಮಂಕಿ! ಎಂಟು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ. ಹೆಂಡತಿಯ ಅಕ್ಕ, ಬುಟ್ಟಿ ಹೊತ್ತು, ನಾನು ದಿಂಬಿಗೆ ತಲೆ ಕೊಟ್ಟು ಮುಚ್ಚಿದ ದಾರಿಗಾಗಿ ದಿನಾ ಒಂದು ಮೈಲಿ ಸುತ್ತು ಹಾಕುತ್ತಿದ್ದಳು. ನನಗೆ ಟವೆಲು ಕೊಟ್ಟ ಮನುಷ್ಯ ಇದನ್ನು ಒಂದು ದಿನವೂ ನನ್ನ ಎದುರು ಆಡಿರಲಿಲ್ಲ. ತೆರೆದ ಕಿಟಕಿಯನ್ನು ನೋಡಿದೆ. ಹದಿನಾಲ್ಕಕ್ಕೆ ಹಾಯಿ ಹಿಡಿದವನಿಗೆ ಯಾವ ಹೊತ್ತಿಗೆ ಯಾವ ಗಾಳಿ ಎಂದು ಗೊತ್ತಿಲ್ಲದೆ ಇದ್ದೀತೇ? ಆದರೆ ಕಿಟಕಿಯನ್ನು ಅವನು ದಿನಾ ತೆರೆಯುತ್ತಿದ್ದ. ಸಿಂಗಾರ ಬಿಡುವ ಕಾಲವೂ ಅದೇ. ಎತ್ತರದ್ದು, ಇಲ್ಲಿಯೇ ಬೆಳೆಯುವುದು, ಹೂ ತುಂಬಬೇಡ ಎಂದು ಹೇಳಿದವರು ಬಾಯಿಯವರು.

ಕೇಳಲು ಹೆದರಿದೆ. ಕೇಳಿದರೆ ಅವನು ನಿಜ ಹೇಳಿಬಿಟ್ಟಾನು, ಆಮೇಲೆ ಅದನ್ನು ನಾನು ಬರೆಯಬೇಕಾದೀತು. ಎರಡು ದಿನ ಕಾಗದವನ್ನು ಕಿಸೆಯಲ್ಲಿ ಹೊತ್ತು ತಿರುಗಿದೆ. ಸುಳ್ಳು ವರದಿಯ ಮೆಮೊ ಅದೇ ಕಿಸೆಯಲ್ಲಿತ್ತು. ಮೂರನೆಯ ದಿನ ಕೂತು ಬರೆದೆ: "ಸದರಿ ಶನಿಯಾರನು ಪುಷ್ಪಾಲಂಕಾರದಲ್ಲಿ ಇನ್ನೂ ಹೊಸಬನಿದ್ದು, ಎತ್ತರದ ಸಲುವಾಗಿ ಮಾತ್ರ ಸದರಿ ಹೂವನ್ನು ಇಟ್ಟಿರುತ್ತಾನೆ. ಅನ್ಯ ಉದ್ದೇಶ ಇರುವುದಿಲ್ಲ." ಓದಿ ಹೇಳಿದೆ. ಅವನು ಕೇಳಿಸಿಕೊಂಡು, "ಆತು," ಎಂದು ಸಹಿ ಹಾಕಿದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಮದುವೆ ಮುಗಿಸಿ ಬಂದ ವನಮಾಲಾಬಾಯಿಗೆ ನಾನೇ ಎಲ್ಲ ಹೇಳಿದೆ. ಆ ರಚನೆ ಹೇಗಿತ್ತೆಂದು ಮೂರು ಸಲ ಕೇಳಿದರು. ಎಷ್ಟು ಎತ್ತರ, ದಾಸವಾಳ ಯಾವ ಕಡೆ, ನಡುವೆ ಎಷ್ಟು ಜಾಗ. ಆಮೇಲೆ, "ನಾನು ಆರು ತಿಂಗಳು ಕಲಿತು ಯಾರ ಚಪ್ಪಲೀನೂ ಬಿಡಸಲಿಲ್ಲ," ಎಂದು ಒಳಗೆ ಹೋದರು. ಒಳಗೆ ಗಂಡನಿಗೆ ಏನೆಂದರೋ ನನಗೆ ತಿಳಿಯದು. ಮಾರನೆಯ ದಿನ ಫೈಲು ಕಾರವಾರಕ್ಕೆ ಹೋಯಿತು. ಶನಿಯಾರನಿಗೆ ನಲವತ್ತು ತುಂಬಲು ಒಂಬತ್ತು ದಿನ ಇರುವಾಗ ಆದೇಶ ಬಂತು. ಕೆಳಗೆ ದೊಡ್ಡ ಸಾಹೇಬರು ತಮ್ಮ ಕೈಯಲ್ಲೇ ಬರೆದಿದ್ದರು: "ಹೂಜೋಡಣೆ ಮೆಚ್ಚುವಂತಿದೆ."

ಆದೇಶವನ್ನು ಜವಾನನ ಕೈಯಲ್ಲಿ ಕಳಿಸದೆ ನಾನೇ ಹಿಡಿದುಕೊಂಡು ಗುಡ್ಡ ಹತ್ತಿದೆ. ಶನಿಯಾರ ಹಾಲಿನಲ್ಲಿ ಮೇಜಿನ ಮುಂದೆ ನಿಂತು ಹೂದಾನಿಯಲ್ಲಿ ಎರಡು ದಾಸವಾಳ ಇಡುತ್ತಿದ್ದ. ಆದೇಶ ಓದಿ ಹೇಳಿದೆ. ಇನ್ನು ತೊಂಬತ್ತನೆಯ ದಿನ ಎಂಬುದು ಇಲ್ಲ, ತಿಂಗಳಿಗೆ ಮೂವತ್ತೂ ದಿನ ಅವನು ಇರುತ್ತಾನೆ ಎಂದು ಬಿಡಿಸಿ ಹೇಳಿದೆ. ಅವನು ಒದ್ದೆ ಕೈಯನ್ನು ಟವೆಲಿಗೆ ಒರೆಸಿ ಕಾಗದ ತೆಗೆದುಕೊಂಡ. ಅದನ್ನು ಸ್ವಲ್ಪ ಹೊತ್ತು ಹಿಡಿದು ನಿಂತ. ಮಡಚಿ ಕಿಸೆಯಲ್ಲಿಟ್ಟು ಮತ್ತೆ ಹೂವಿಗೆ ತಿರುಗಿದ.

ನನಗೆ ತಡೆಯಲಾಗಲಿಲ್ಲ. ಸುತ್ತ ಯಾರೂ ಇರಲಿಲ್ಲ. ಆದೇಶ ಅವನ ಕಿಸೆಯಲ್ಲಿತ್ತು, ಇನ್ನು ಯಾರೂ ಅದನ್ನು ಕಿತ್ತುಕೊಳ್ಳುವ ಹಾಗಿರಲಿಲ್ಲ. ನಾನು ಬರೆದದ್ದು ನಿಜವೋ, ನನ್ನ ಎರಡನೆಯ ಸುಳ್ಳು ವರದಿಯೋ ಎಂದು ನನಗೆ ತಿಳಿಯಬೇಕಿತ್ತು.

"ಶನಿಯಾರಾ, ನಮ್ಮಿಬ್ಬರೊಳಗೇ ಇರಲಿ. ಅವತ್ತು ಸಿಂಗಾರವನ್ನು ನೀನು ಬೇಕೆಂದೇ ಇಟ್ಟೆಯೋ, ಗೊತ್ತಿಲ್ಲದೆ ಇಟ್ಟೆಯೋ?"

ಅವನು ಹೂದಾನಿಯನ್ನು ಅರ್ಧ ಸುತ್ತು ತಿರುಗಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಇವತ್ತು ಇಟ್ಟದ್ದು ಬರೀ ದಾಸವಾಳ, ಕಾರಕೂನ್ರೆ," ಎಂದ. "ಇದ್ರ ಎದ್ರಿಗೆ ನಾ ಎಂತ ಹೇಳಿರೂ ಆತು."